ಬುರ್ಲಿ ಹಕ್ಕಿಯ ಕ್ಯಾಸೆಟ್

“ಈ ಕ್ಯಾಸೆಟ್ ಮಾಡಿದವರು ನೀವೇನ್ರಿ?”

ರೇಡಿಯೋ ರಿಪೇರಿಯ ಇಕ್ಬಾಲ ತಲೆ ಎತ್ತುವ ಮೊದಲೇ ಗುರುತು ಹಿಡಿದ. ಆ ಮುಖವನ್ನು ಅವನು ಕಂಡಿರಲಿಲ್ಲ. ಆದರೆ ಆ ದನಿ... ನಾಲ್ಕು ವರ್ಷಗಳಿಂದ ಪ್ರತಿ ಗುರುವಾರ ಬೆಳಿಗ್ಗೆ ಏಳೂಕಾಲಿಗೆ, ಹುಬ್ಬಳ್ಳಿಯ ಈ ಅಂಗಡಿಯ ಹದಿನೇಳು ರೇಡಿಯೋಗಳಲ್ಲಿ ಒಟ್ಟಿಗೆ ಬರುತ್ತಿದ್ದ ದನಿ. ಕೆಟ್ಟುಹೋದವೂ ಆ ಹೊತ್ತಿಗೆ ಮಾತಾಡುತ್ತವೆ ಎಂದು ಗಿರಾಕಿಗಳು ಚಾಷ್ಟಿ ಮಾಡುತ್ತಿದ್ದರು.

ಧಾರವಾಡ ಮಾಳಮಡ್ಡಿಯ ಗುಲ್ನಾಜ. ರೇಡಿಯೋದಲ್ಲಿ ಹಕ್ಕಿ, ಚಿಗರಿ, ತೋಳಗಳ ಬಗ್ಗೆ ಮಾತಾಡುವಾಕೆ. ಅವಳ ಮಾತು ಕೇಳಿಯೇ ಶಿರಗುಪ್ಪಿಯ ಜನ ಬಾವಿಗೆ ಬಿದ್ದ ತೋಳವನ್ನು ಕಲ್ಲಿನಿಂದ ಹೊಡೆಯದೆ, ಏಣಿ ಇಳಿಸಿದ್ದರು. ಇಳಿಸಿದ ಮೇಲೆ ಎಲ್ಲರೂ ಓಡಿದ್ದರು, ಅದು ಬೇರೆ ಮಾತು.

ಇಕ್ಬಾಲ ಆ ಮುಖವನ್ನು ಬಗೆಬಗೆಯಾಗಿ ಕಲ್ಪಿಸಿಕೊಂಡಿದ್ದ. ಯಾವ ಕಲ್ಪನೆಯಲ್ಲೂ ಅದು ಅವನ ಮೇಲೆ ಸಿಟ್ಟಾಗಿರಲಿಲ್ಲ.

“ಹೌದ್ರಿ, ನಾನ ಮಾಡೇನಿ,” ಅಂದ, ಹೆಮ್ಮೆಯಿಂದಲೇ. “ಛಲೋ ಬಂದೈತಲ್ರಿ?”

ಅವಳು ಕ್ಯಾಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದಳು. ‘ನಾಚಿಕೆಯೂ ಇಲ್ಲವಲ್ಲ ಈ ಮನುಷ್ಯನಿಗೆ...’

ಆಮೇಲೆ ಅವಳು ಹೇಳಿದ್ದು ಇಷ್ಟು. ಅಂದು ಮುಂಜಾನೆ ಸುಳ್ಳ ಊರಿನ ಹೆಸರುಕಾಳಿನ ಹೊಲಕ್ಕೆ ಹೋಗಿದ್ದಳು. ಬುರ್ಲಿ ಕೂಗುತ್ತಿತ್ತು. ಮುಷ್ಟಿಯಷ್ಟೇ ದೊಡ್ಡ, ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿ. ಮಳೆಗಾಲದಲ್ಲಿ ಗಂಡು ಕೂಗಿದರೆ ಹೆಣ್ಣು ಬರುತ್ತದೆ. ಆದರೆ ಆ ಕೂಗಿನ ಹಿಂದೆ ಒಂದು ಬಸ್ಸಿನ ಹಾರ್ನ್ ಕೇಳಿತು. ಹತ್ತಿರದಲ್ಲಿ ಬಸ್ಸೇ ಇರಲಿಲ್ಲ. ಅದು ಹೋದ ವರ್ಷ, 1997ರ ಜುಲೈನಲ್ಲಿ, ರೇಡಿಯೋಕ್ಕೆಂದು ಅವಳೇ ಮಾಡಿದ ಧ್ವನಿಮುದ್ರಣದಲ್ಲಿ ನುಸುಳಿದ ಹಾರ್ನ್! ದನಿ ಹಿಡಿದು ಹೋದರೆ ಬದುವಿನ ಮೇಲೆ ಟೇಪ್‌ರೆಕಾರ್ಡರ್, ಅದಕ್ಕೊಂದು ಸ್ಪೀಕರ್, ಸುತ್ತಲೂ ಬಲೆ. ಬಲೆಯೊಳಗೆ ಹನ್ನೊಂದು ಬುರ್ಲಿ. ಬಲೆ ಹಾಕಿದ ಮಲ್ಲಿಕಸಾಬ ಮರ್ಯಾದೆಯಿಂದ ಒಂದು ಕ್ಯಾಸೆಟ್ಟನ್ನೂ ಈ ಅಂಗಡಿಯ ವಿಳಾಸವನ್ನೂ ಕೊಟ್ಟಿದ್ದ. ತನ್ನ ಬಳಿ ಇನ್ನೊಂದು ಇದೆ ಅಂದಿದ್ದ.

“ಇದರಾಗಿನ ನನ್ನ ಮಾತು ಎಲ್ಲಿ ಹೋದುವ್ರಿ?”

“ಅವರ ಬ್ಯಾಡಂದ್ರು. ಹಕ್ಕಿದಷ್ಟ ಇರ್ಲಿ, ಒಂದು ಬಾಜೂ ಪೂರ್ತಿ ಅದನ್ನ ತುಂಬು ಅಂದ್ರು. ಹಕ್ಕಿ ಮ್ಯಾಲ ಇವರಿಗೆ ಎಷ್ಟು ಪ್ರೀತಿ ಅಂತ ನಾ...”

ಅವನಿಗೆ ಅರ್ಥವಾಯಿತು, ಮುಖ ಬಿಳಿಚಿತು. ಗುಲ್ನಾಜ ಅಷ್ಟರಲ್ಲಿ ಬೆನ್ನು ತಿರುಗಿಸಿದ್ದಳು. ಆ ಮುಖವನ್ನು ನೋಡಿದ್ದರೆ ಮುಂದಿನ ಹತ್ತು ದಿನ ಅವಳು ಅವನನ್ನು ಬಲೆಗಾರರ ಪಾಲುದಾರನೆಂದು ಬಯ್ಯುತ್ತಿರಲಿಲ್ಲ.

ಆ ಗುರುವಾರ ಹದಿನೇಳು ರೇಡಿಯೋಗಳೂ ಗೊಬ್ಬರ ಹಾಕುವ ಕ್ರಮವನ್ನು ಹೇಳಿದವು. ಇನ್ನು ಮೈಕಿನ ಮುಂದೆ ಕೂರುವುದಿಲ್ಲ ಎಂದು ಅವಳು ಬರೆದುಕೊಟ್ಟಿದ್ದಳು. ‘ಉಳಿಸಿರೆಂದು ಹೇಳಲು ಹೋಗಿ ಕೊಲ್ಲಿಸಿದೆನಲ್ಲ...’ ಊಟಕ್ಕೆ ಕುಳಿತರೂ ಅದೇ, ಕಣ್ಣು ಮುಚ್ಚಿದರೂ ಅದೇ.

ಇಕ್ಬಾಲ ಅಂಗಡಿ ಮುಚ್ಚಿ ಹಳ್ಳಿ ತಿರುಗಿದ. ಆರು ಮಂದಿಗೆ ಕ್ಯಾಸೆಟ್ ಮಾಡಿಕೊಟ್ಟಿದ್ದ. ಐದು ಮಂದಿ ಬೈದುಕೊಂಡೇ ಮರಳಿಸಿದರು. ಮಲ್ಲಿಕಸಾಬ ಮಾತ್ರ ಒಪ್ಪಲಿಲ್ಲ. ಆಗ ಇಕ್ಬಾಲ, ಜೀವನದಲ್ಲಿ ಮೊದಲ ಸಲ, ಗಿರಾಕಿಗೆ ಸುಳ್ಳು ಹೇಳಿದ. ಟೇಪಿನಲ್ಲಿ ಗರಗರ ಬರುತ್ತಿದೆ, ಸರಿಮಾಡಿ ಕೊಡುತ್ತೇನೆ ಎಂದು ಕ್ಯಾಸೆಟ್ ಒಯ್ದು, ಮರುದಿನ ಮರಳಿಸಿದ.

ಅಲ್ಲಿಂದ ನೇರ ಮಾಳಮಡ್ಡಿಗೆ. ಗುಲ್ನಾಜಳ ತಾಯಿ ಶರೀಫಾಬಿ, ಬಂದವನು ಯಾರೆಂದು ಕೇಳದೆ ಚಹಾ ಕೊಟ್ಟರು; ಕುಡಿದಾದ ಮೇಲೆ ಯಾರೆಂದು ಕೇಳಿದರು. ಗುಲ್ನಾಜ ಹೊರಗೆ ಬಂದು ಬಾಗಿಲಲ್ಲೇ ನಿಂತಳು.

“ತಪ್ಪು ನಂದು,” ಅಂದ. “ರವಿವಾರ ಮುಂಜಾನೆ ಸುಳ್ಳಕ್ಕ ಬರ್ರಿ. ಬಂದು ಬೇಕಾದ್ರ ಬಯ್ರಿ.”

ರವಿವಾರ ಅವಳು ಸುಳ್ಳಕ್ಕೆ ಹೋದಳು. ಕ್ಷಮಿಸಿ ಅಲ್ಲ... ಸಂಶಯದಿಂದ.

ಬದುವಿನ ಮೇಲೆ ಮಲ್ಲಿಕಸಾಬ ಟೇಪ್ ಒತ್ತಿದ. ಕೂಗು ಹೊರಟಿತು. ಹೆಸರಿನ ಸಾಲುಗಳ ನಡುವೆ ಎಲೆ ಅಲುಗಿದವು. ಒಂದು, ಎರಡು, ನಾಲ್ಕು... ಬಲೆಯ ಅಂಚಿಗೇ ಬಂದವು. ಗುಲ್ನಾಜ ಉಸಿರು ಹಿಡಿದಳು. ‘ನನಗೆ ಇದನ್ನು ತೋರಿಸಲೆಂದೇ ಕರೆಸಿದನೇ?’

ತಟ್ಟನೆ ಸ್ಪೀಕರಿನಿಂದ ದೊಡ್ಡದಾಗಿ ಅವಳದೇ ದನಿ!

“ಕೇಳುಗರೇ, ಈ ಹಕ್ಕಿಯ ಗೂಡು ನಿಮ್ಮ ಹೊಲದ ನೆಲದಲ್ಲೇ ಇರುತ್ತದೆ...”

ಬುರ್ಲಿಗಳು ಭರ್ರನೆ ಎದ್ದು ಹಾರಿದವು. ಮಲ್ಲಿಕಸಾಬ ಟೇಪ್ ಬಂದ್ ಮಾಡಲು ಧಾವಿಸಿದ. ಕೈ ಗುಂಡಿಯ ಮೇಲೆಯೇ ನಿಂತಿತು. ಗುರುವಾರ ಏಳೂಕಾಲಿಗೆ ಯಾವಾಗಲೂ ಹೊಲದಲ್ಲಿರುತ್ತಿದ್ದವನು ರೇಡಿಯೋದ ಆ ಮಾತನ್ನು ಎಂದೂ ಕೇಳಿರಲಿಲ್ಲ. ತಾಯಿ ಮರಳದಿದ್ದರೆ ಮೊಟ್ಟೆಗಳು ಅದೇ ಸಾಲಿನಲ್ಲಿ ತಣ್ಣಗಾಗುತ್ತವೆ ಎಂದಿತು ದನಿ. ಅವನು ಕುಕ್ಕರಗಾಲಲ್ಲಿ ಕೂತು ಕೊನೆಯವರೆಗೂ ಕೇಳಿದ.

“ಹಿಂಗ ಒದರಿದ್ರ ಯಾವ ಹಕ್ಕಿ ಬರ್ತದೋ, ಮಗನ,” ಎಂದು ಇಕ್ಬಾಲನಿಗೆ ಬೈದು, ಬಲೆ ಸುತ್ತಿಕೊಂಡು ನಡೆದ. ಆ ಮಳೆಗಾಲ ಅವನು ಮತ್ತೆ ಬಲೆ ಬಿಚ್ಚಲಿಲ್ಲ. ಸಿಟ್ಟಿಗೋ, ಸಂಕಟಕ್ಕೋ, ಯಾರೂ ಕೇಳಲಿಲ್ಲ.

ಗುಲ್ನಾಜ ಬದುವಿನ ಮೇಲೆ ಕೂತು ಅತ್ತಳು. ಇಕ್ಬಾಲ ದೂರದಲ್ಲಿ ನಿಂತಿದ್ದ.

“ನನ್ನ ಮಾತು ಅಳಿಸಿದ್ರಲ್ಲ... ಮತ್ತ ಎಲ್ಲಿಂದ ತಂದ್ರಿ?”

“ಅವರಿಗೆ ಕೊಟ್ಟ ಪ್ರತಿಯಾಗ ಅಳಿಸಿದ್ದೆ. ನನ್ನ ಕಡೆ ಇದ್ದದ್ರಾಗ ಒಂದಕ್ಷರ ಮುಟ್ಟಿಲ್ಲ. ನಾಲ್ಕೂ ವರ್ಷದ್ದು ಐತ್ರಿ... ನೀವು ನಡುವ ಕೆಮ್ಮಿದ್ದೂ.”

‘ನನ್ನ ಕೆಮ್ಮನ್ನೂ ಎತ್ತಿಟ್ಟುಕೊಂಡವನು...’ ಅವಳು ಮೊದಲ ಬಾರಿಗೆ ಅವನ ಮುಖವನ್ನು ನೆಟ್ಟಗೆ ನೋಡಿದಳು. ಅಲ್ಲಿ ಹತ್ತು ದಿನದ ಉಪವಾಸವಿತ್ತು.

“ಗುರುವಾರ ಮಾತಾಡ್ತೀರೇನ್ರಿ?” ಕೇಳಿದ.

“ಮಾತಾಡ್ತೇನಿ. ಮೊದಲ ನನ್ನ ತಪ್ಪು ಹೇಳ್ತೇನಿ. ಇನ್ನ ಮಳಿಗಾಲದಾಗ ಯಾವ ಹಕ್ಕಿ ಕೂಗೂ ಹಾಕಂಗಿಲ್ಲ.”

“ನನ್ನ ಹೆಸರೂ ಹೇಳ್ರಿ.”

“ನಿಮ್ಮದ್ಯಾಕ?”

“ತಪ್ಪಿನ್ಯಾಗರ ನಿಮ್ಮ ಜೋಡಿ ಇರ್ತೇನಿ.”

ಗಾಳಿ ಹೆಸರಿನ ಹೊಲದ ಮೇಲೆ ಹಾದುಹೋಯಿತು. ಗುಲ್ನಾಜ ಕಣ್ಣೊರೆಸಿಕೊಂಡಳು.

“ತಪ್ಪಿನ್ಯಾಗ ಅಷ್ಟ ಏನ್ರಿ?”

ಇಕ್ಬಾಲ ತಲೆ ಅಲ್ಲಾಡಿಸಿದ. ಅಲ್ಲ ಎಂದು.

“ಹಂಗಾದ್ರ ಅಮ್ಮಿಗೆ ನೀವು ಹೇಳ್ತೀರೋ, ನಾ ಹೇಳ್ಲೋ?”

“ನೀವ ಹೇಳ್ರಿ,” ಅಂದ ಇಕ್ಬಾಲ. “ನಾ ಬಾಜೂಕ ಕುಂದರ್ತೇನಿ.”