ಹಸಿರು ಬದಿ

"ಹೋಗ್ಬಿಟ್ರಾ?"

"ಇರಿ ಇರಿ, ಮೊದ್ಲು ಮೂಗಿನ ಹತ್ರ ಕೈ ಹಿಡೀರಿ."

"ನಂಗೇನೋ ಹೋದ ಹಾಗೇ ಕಾಣುತ್ತಪ್ಪ. ಬಾಯಿ ನೋಡಿ, ಹೇಗೆ ತೆರ್ಕೊಂಡಿದೆ!"

ಅವಳು ಕಣ್ಣು ಬಿಟ್ಟಳು. ಮುಖದ ಮೇಲೆ ಮೂರು ಮುಖಗಳು ಬಾಗಿದ್ದವು. ಒಂದು ನರ್ಸಿನದು, ಕೈಯಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಉಳಿದೆರಡು ಅಕ್ಕಪಕ್ಕದ ಮನೆಗಳ ಮುದುಕಿಯರವು.

"ಅಯ್ಯೋ, ಬದುಕಿದ್ದಾರೆ!"

ಆ ದನಿಯಲ್ಲಿ ಸಂತೋಷಕ್ಕಿಂತ ನಿರಾಸೆಯೇ ಹೆಚ್ಚಾಗಿತ್ತು.

ಅವಳು ಚೀರಿದಳು. ಹಲ್ಲಿನ ಸೆಟ್ಟು ಲೋಟದಲ್ಲಿತ್ತು, ರಾತ್ರಿಯ ಅಂಗಿ ಮೊಣಕಾಲಿನವರೆಗೆ ಸರಿದಿತ್ತು... ಕೈಗೆ ಸಿಕ್ಕ ದಿಂಬನ್ನೇ ಎತ್ತಿ ಎಸೆದಳು. ಅದು ಮೂರು ಮುಖಗಳನ್ನೂ ದಾಟಿಕೊಂಡು ಹೋಗಿ, ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದ ಉದ್ದನೆಯ ಗಂಡಸಿನ ತಲೆಗೆ ಬಡಿಯಿತು.

ಅಷ್ಟು ಜನರಲ್ಲಿ ಅವಳನ್ನು ನೋಡದೆ ನಿಂತಿದ್ದವನು ಅವನೊಬ್ಬನೇ!

ಅವನು ಈಗಲೂ ತಿರುಗಲಿಲ್ಲ. ಬಗ್ಗಿ ದಿಂಬನ್ನೆತ್ತಿ ಕುರ್ಚಿಯ ಮೇಲಿಟ್ಟ.

"ನಡೀರಿ ಎಲ್ರೂ. ಕೈಯಲ್ಲಿ ಇಷ್ಟು ಶಕ್ತಿ ಇರೋರು ಇವತ್ತಂತೂ ಸಾಯಲ್ಲ."

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬಾಗಿಲ ಹೊರಗೆ ಮೊಳೆಗೆ ತೂಗುತ್ತಿದ್ದ ಒಂದು ತಗಡಿನ ಬಿಲ್ಲೆ. ಒಂದು ಬದಿ ಕೆಂಪು, ಇನ್ನೊಂದು ಬದಿ ಹಸಿರು. ಈ ನಿವೃತ್ತರ ಬಡಾವಣೆಯ ಪ್ರತಿ ಬಾಗಿಲಿಗೂ ಒಂದೊಂದು. ರಾತ್ರಿ ಮಲಗುವ ಮೊದಲು ಅದನ್ನು ಕೆಂಪಿಗೆ ತಿರುಗಿಸಬೇಕು, ಬೆಳಿಗ್ಗೆ ಎದ್ದ ಮೇಲೆ ಹಸಿರಿಗೆ. ಒಂಬತ್ತಾದರೂ ಕೆಂಪಾಗಿಯೇ ಇದ್ದರೆ ನರ್ಸ್ ಬಂದು ಬೀಗ ತೆಗೆದು, ಒಳಗಿರುವುದು ಮನುಷ್ಯರೋ ಹೆಣವೋ ಎಂದು ನೋಡುತ್ತಾಳೆ.

"ಮೂರು ಸಲ ಹೀಗೆ ಬಾಗಿಲು ತೆಗೆಸಿದ್ರೆ ಹಿಂದಿನ ಕಟ್ಟಡಕ್ಕೆ ಹಾಕ್ತಾರೆ," ಎಂದಳು ಪಕ್ಕದ ಮನೆಯ ಹೆಡ್‌ಮಿಸ್. ಶಾಲೆಯಿಂದ ನಿವೃತ್ತಳಾಗಿದ್ದರೂ ಬಾಯಿ ಇನ್ನೂ ನಿವೃತ್ತವಾಗಿರಲಿಲ್ಲ. "ಅಲ್ಲಿಗೆ ಹೋದೋರು ನಡ್ಕೊಂಡು ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲಮ್ಮ. ನಿಮ್ದು ಇವತ್ತಿಗೆ ಒಂದಾಯ್ತು."

ಬಡಾವಣೆಯ ಹಿಂದೆ, ಎತ್ತರದ ಗೋಡೆಗೆ ಅಂಟಿಕೊಂಡ ಹಾಗೆ, ಹಾಸಿಗೆ ಹಿಡಿದವರ ಆ ಕಟ್ಟಡವಿತ್ತು. ಹಗಲಿನಲ್ಲೂ ಅಲ್ಲಿ ದೀಪ ಉರಿಯುತ್ತಿತ್ತು.

'ಸತ್ತರೂ ಅಲ್ಲಿಗೆ ಹೋಗಲ್ಲ...' ಎಂದುಕೊಂಡಳು ಅವಳು.

ಆದರೆ ಬೆಳಿಗ್ಗೆ ಏಳುವುದಾದರೂ ಹೇಗೆ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವಳು. ಮನೆ ಇದ್ದದ್ದು ನಾಲ್ಕು ರಸ್ತೆ ಕೂಡುವಲ್ಲಿ, ಬಸ್ಸುಗಳ ಹಾರನ್ನೇ ಅವಳ ಜೋಗುಳ. ಗಂಡ ತೀರಿಕೊಂಡ ಮೇಲೂ ಆ ಗದ್ದಲವೇ ಅವಳ ಸಂಗಾತಿಯಾಗಿತ್ತು. ಅಲ್ಲಿಂದ ಕಿತ್ತು ತಂದು ಮಗಳು ಇಲ್ಲಿ ನೆಟ್ಟಿದ್ದಳು.

"ಎಷ್ಟು ಪ್ರಶಾಂತವಾಗಿದೆ ನೋಡಮ್ಮ!" ಎಂದಿದ್ದಳು, ಕಾರಿನ ಎಂಜಿನ್ ಕೂಡ ಆರಿಸದೆ.

ಪ್ರಶಾಂತ! ಕಿವಿಗೆ ಹತ್ತಿ ತುರುಕಿದಂಥ ಪ್ರಶಾಂತ. ಒಂದೇ ಬಣ್ಣದ ಮನೆಗಳು, ಒಂದೇ ಎತ್ತರಕ್ಕೆ ಕತ್ತರಿಸಿದ ಬೇಲಿಗಿಡಗಳು. ಮೊದಲ ವಾರ ಊಟದ ಹಾಲ್‌ನಿಂದ ತನ್ನ ಮನೆಗೆ ಬರುವಾಗಲೇ ದಾರಿ ತಪ್ಪಿದ್ದಳು. ರಾತ್ರಿಯೆಲ್ಲ ಆ ಮೌನವನ್ನು ಕೇಳುತ್ತ ಮಲಗಿರುತ್ತಿದ್ದಳು. ಹಕ್ಕಿ ಕೂಗುವ ಹೊತ್ತಿಗೆ ನಿದ್ದೆ ಹತ್ತುತ್ತಿತ್ತು.

ಮಾರನೆಯ ಬೆಳಿಗ್ಗೆ ಗಾಬರಿಯಿಂದ ಎದ್ದಾಗ ಹತ್ತು ಗಂಟೆ. ಓಡಿ ಬಾಗಿಲು ತೆರೆದಳು.

ಬಿಲ್ಲೆ ಹಸಿರಾಗಿತ್ತು!

ಅದರ ಮಾರನೆಯ ದಿನವೂ ಹಸಿರು. ಪಾಪ, ನರ್ಸಿಗೆ ಕರುಣೆ ಬಂದಿರಬೇಕು ಎಂದುಕೊಂಡಳು. ಕೇಳಲು ಹೋಗಲಿಲ್ಲ. ಕೇಳಿದರೆ ನಿಂತುಹೋದೀತು ಎಂಬ ಭಯ.

ದಿಂಬಿನ ಏಟು ತಿಂದವನು ಎದುರು ಮನೆಯವನು. ರೈಲ್ವೆಯಲ್ಲಿ ಸಿಗ್ನಲ್‌ಮನ್ ಆಗಿದ್ದವನು, ಹೆಂಡತಿ ಸತ್ತಿದ್ದಳು, ಎರಡೂ ಕಿವಿಗೆ ಮಿಷನ್ನು. ಸಂಜೆ ಇಬ್ಬರೂ ಬೇಲಿಯ ಪಕ್ಕದ ಬೆಂಚಿನಲ್ಲಿ ಕೂರತೊಡಗಿದರು.

"ನಿಮ್ಮ ದನಿ ಒಂದೇ ಈ ಮಿಷನ್‌ನಲ್ಲಿ ಸರಿಯಾಗಿ ಕೇಳೋದು. ಬೇರೆಯವರದ್ದೆಲ್ಲ ಬರೀ ಗೊರಗೊರ."

"ಸುಮ್ನೆ ಅಲ್ಲ, ಈ ದನಿಗೇ ಸಂಬಳ ಕೊಡ್ತಿದ್ರು ನಂಗೆ."

"ಹಾಗಾದ್ರೆ ಒಂದ್ಸಲ ಹೇಳಿ."

"ಏನನ್ನ?"

"ಅದೇ, ಲೈನಲ್ಲಿ ಹೇಳ್ತಿದ್ರಲ್ಲ."

ಅವಳು ಬೆನ್ನು ನೆಟ್ಟಗೆ ಮಾಡಿದಳು. "ನಂಬರ್ ಪ್ಲೀಸ್?"

"ಕೊಟ್ರೆ ಕನೆಕ್ಟ್ ಮಾಡ್ತೀರಾ?"

ಕೆನ್ನೆ ಬಿಸಿಯಾಯಿತು. 'ಥೂ ನಿನ್ನ! ಮೊಮ್ಮಕ್ಕಳಿದ್ದಾರೆ ನಿನಗೆ!' ಎಂದು ತನ್ನ ಎದೆಯನ್ನೇ ಬೈದುಕೊಂಡಳು. ಎದೆ ಕೇಳಲಿಲ್ಲ.

ಅವನು ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದ. "ದೊಡ್ಡ ವಿದ್ಯೆಯೇನಲ್ಲ. ಲೈನ್ ಮೇಲೆ ಏನೂ ಇಲ್ಲ ಅಂತ ಕಣ್ಣಾರೆ ನೋಡ್ಬೇಕು, ಆಮೇಲೆ ಹಸಿರು ಕೊಡ್ಬೇಕು. ರೈಲು ದಾಟಿದ ಕೂಡ್ಲೆ ವಾಪಸ್ ಕೆಂಪು. ನೋಡದೆ ಹಸಿರು ಕೊಟ್ಟೋನು ಕೊಲೆಗಾರ."

ಹಾಗೆ ಹೇಳುವಾಗ ಅವನು ಅವಳ ಬಾಗಿಲ ಕಡೆ ನೋಡಲಿಲ್ಲ.

ಒಂದು ಮಧ್ಯಾಹ್ನ ಊಟದ ಹಾಲ್‌ನಲ್ಲಿ ಹೆಡ್‌ಮಿಸ್ ಚಮಚದಿಂದ ತಟ್ಟೆ ಬಡಿದು, ಎಲ್ಲರಿಗೂ ಕೇಳಿಸುವ ಹಾಗೆ ಶುರುಮಾಡಿದಳು.

"ಅಲ್ಲ ಎಕ್ಸ್‌ಚೇಂಜಮ್ಮ, ನೀವು ಏಳೋದು ಹತ್ತಕ್ಕೆ. ಬಾಗಿಲು ಹಸಿರಾಗೋದು ಏಳಕ್ಕೆ. ಒಳಗಿಂದ ಯಾರು ಎದ್ದು ಬರ್ತಾರೆ?"

"ಒಳಗಿಂದಲ್ಲ ಮಿಸ್, ಎದುರಿಂದ!" ಎಂದಿತು ಇನ್ನೊಂದು ಮೇಜು. "ನಮ್ಮ ಸಿಗ್ನಲ್ ಸಾಹೇಬ್ರು ದಿನಾ ಬಂದು ತಿರುಗಿಸಿ ಹೋಗ್ತಾರಲ್ಲ. ಕೀ ಕೂಡ ಅವರ ಹತ್ರಾನೇ ಇದೆಯಂತೆ!"

ಇಡೀ ಹಾಲ್ ನಕ್ಕಿತು. ಹಲ್ಲಿದ್ದವರು, ಇಲ್ಲದವರು, ಎಲ್ಲರೂ.

ಅವಳು ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟಳು. ಅಂದರೆ ಎಲ್ಲರಿಗೂ ಗೊತ್ತು... ಇಷ್ಟು ದಿನ ಬೆನ್ನ ಹಿಂದೆ ನಗುತ್ತಿದ್ದರು! ಪಕ್ಕದಲ್ಲೇ ಕೂತು ಮಾತಾಡುವವನು ಒಂದು ಮಾತೂ ಹೇಳಲಿಲ್ಲ. ಇವನೇ ಹೇಳಿಕೊಂಡು ತಿರುಗಿರಬೇಕು. ಕೀ ಇದೆ ಅಂತ ಬೇರೆ!

ಅವನು ಯಾರಿಗೂ ಏನೂ ಹೇಳಿರಲಿಲ್ಲ. ಕೀ ಅವನ ಬಳಿ ಎಂದೂ ಇರಲಿಲ್ಲ. ಆದರೆ ಅವಳು ಕೇಳಲಿಲ್ಲ. ಎದ್ದು, ಆಚೆ ಮೇಜಿನಲ್ಲಿದ್ದ ಅವನ ಕಡೆ ತಿರುಗಿದಳು.

"ಎಳೆಯೋಕೆ ಸಿಗ್ನಲ್ ಲಿವರ್ ಇಲ್ಲ ಅಂತ ಕೈ ಕೆರೀತಾ ನಿಮ್ಗೆ? ಕಟ್ಕೊಂಡೋಳು ನಿಮ್ಮ ಹತ್ರ ಕಿರುಚಿ ಕಿರುಚಿ ಗಂಟಲು ಹರ್ಕೊಂಡು ಸತ್ತಳು. ಈಗ ನಾನು ಬೇಕಾ? ಕಿವುಡ ಮುದುಕ! ಇನ್ನೊಂದ್ಸಲ ನನ್ನ ಬಾಗಿಲ ಹತ್ರ ಸುಳಿದ್ರೆ ಪೊಲೀಸರನ್ನ ಕರೀತೀನಿ!"



ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಬಲಗಿವಿಯ ಮಿಷನ್ ತೆಗೆದ. ಎಡಗಿವಿಯದನ್ನೂ ತೆಗೆದ. ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಸರಿ. ಇನ್ನು ಕೇಳೋಕೆ ಏನೂ ಇಲ್ಲ," ಎಂದು ಎದ್ದು ಹೋದ.

"ಅಬ್ಬಬ್ಬಾ, ಊಟಕ್ಕೆ ಖಾರ ಸಾಲದು ಅಂತಿದ್ದೆ," ಎಂದಳು ಹೆಡ್‌ಮಿಸ್.

ಮಾರನೆಯ ಬೆಳಿಗ್ಗೆ ನರ್ಸ್ ಬೀಗ ತೆರೆಯುತ್ತಾಳೆ ಎಂದೇ ಅವಳು ಮಲಗಿದ್ದು. ಎದ್ದು ನೋಡಿದರೆ... ಬಿಲ್ಲೆ ಹಸಿರು!

'ನಾಚಿಕೆ ಇಲ್ಲದ ಮನುಷ್ಯ!'

ಎಂದುಕೊಂಡಳೇನೋ ನಿಜ. ಆದರೆ ಒಳಗೆಲ್ಲೋ ಏನೋ ಕರಗಿತು. ಎದುರು ಬಾಗಿಲನ್ನು ತಟ್ಟಬಹುದಿತ್ತು, ನಾಲ್ಕು ಹೆಜ್ಜೆ. ನಾಳೆ ತಟ್ಟಿದರಾಯಿತು ಎಂದುಕೊಂಡಳು.

ಆ ನಾಳೆ ಬೆಳಕು ಹರಿಯುವ ಮುಂಚೆ ಬಚ್ಚಲಿಗೆ ಹೋದವಳು ಜಾರಿದಳು. ಸೊಂಟದ ಕೆಳಗೆ ಲಟಕ್ಕೆಂದಿತು. ಒಣ ಕಡ್ಡಿ ಮುರಿದ ಹಾಗೆ.

ಗೋಡೆಯಲ್ಲಿ ಎಚ್ಚರಿಕೆಯ ಗಂಟೆಯ ದಾರವಿತ್ತು. ಸ್ನಾನ ಮಾಡುವಾಗ ಭುಜಕ್ಕೆ ತಾಗುತ್ತದೆಂದು ಅವಳೇ ಅದನ್ನು ಮೇಲಕ್ಕೆತ್ತಿ ಗಂಟು ಹಾಕಿದ್ದಳು. ಈಗ ಅದು ಚಂದ್ರನಷ್ಟು ದೂರ.

'ಪರವಾಗಿಲ್ಲ... ಹೊರಗೆ ಕೆಂಪಿದೆ. ನರ್ಸ್ ಬರ್ತಾಳೆ.' ಜೀವನದಲ್ಲಿ ಮೊದಲ ಸಲ ಆ ಬೀಗದ ಕೈಗಳ ಗೊಂಚಲಿನ ಸದ್ದಿಗಾಗಿ ಕಾದಳು.

ಬಂದದ್ದು ಬೇರೆ ಸದ್ದು. ಯಾರೋ ಗುನುಗುವ ದನಿ.

ಅವನು ಚಪ್ಪಲಿ ಬಿಟ್ಟು, ಕಳ್ಳನ ಹಾಗೆ ಬರಿಗಾಲಲ್ಲಿ ಬಂದಿದ್ದ. ಕಿವಿಯಲ್ಲಿ ಮಿಷನ್ ಇರಲಿಲ್ಲ. ತಾನು ಗುನುಗುತ್ತಿರುವುದು ಅವನಿಗೇ ಗೊತ್ತಿರಲಿಲ್ಲ.

"ರೀ! ತಿರುಗಿಸಬೇಡಿ! ರೀ... ನಾನಿಲ್ಲಿದೀನಿ!"

ಟಕ್.

ಬಿಲ್ಲೆ ಬಾಗಿಲಿಗೆ ತಾಗಿದ ಸದ್ದು. ಅವಳು ಎದೆ ಬಿರಿಯುವ ಹಾಗೆ ಕಿರುಚಿದಳು. ಗುನುಗು ದೂರವಾಯಿತು. ಎದುರು ಬಾಗಿಲು ಮುಚ್ಚಿತು.

ಒಂಬತ್ತರ ಹೊತ್ತಿಗೆ ಬೀಗದ ಕೈಗಳ ಗೊಂಚಲು ಗಲಗಲ ಎನ್ನುತ್ತ ಬಂತು. ಹಸಿರು ಕಂಡು ಹಾಗೇ ಮುಂದೆ ಹೋಯಿತು. ಅಷ್ಟರಲ್ಲಿ ಅವಳ ಗಂಟಲಿನಿಂದ ಗಾಳಿಯಷ್ಟೇ ಹೊರಡುತ್ತಿತ್ತು. ಸಂಬಳ ಕೊಟ್ಟು ಕೇಳುತ್ತಿದ್ದ ಆ ದನಿ ಸತ್ತಿತ್ತು.

ಸಂಜೆ ಮಂಚದ ಪಕ್ಕದ ಫೋನ್ ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಊರಿನ ಕರೆಗಳನ್ನೆಲ್ಲ ಎತ್ತಿದವಳು ನೆಲದ ಮೇಲೆ ಕೆನ್ನೆಯಿಟ್ಟು ತನ್ನ ಕರೆಯನ್ನು ಕೇಳುತ್ತಿದ್ದಳು. ಆ ತುದಿಯಲ್ಲಿ ಮಗಳು ಗಂಡನಿಗೆ ಹೇಳುತ್ತಿದ್ದಳು, "ಮುನಿಸ್ಕೊಂಡಿದ್ದಾಳೆ ಅಷ್ಟೇ. ಎರಡು ದಿನ ಬಿಟ್ರೆ ತಾನೇ ಸರಿಹೋಗ್ತಾಳೆ."

ಬೆಂಚಿನ ಮೇಲೆ ಅವನೊಬ್ಬನೇ ಕೂತಿದ್ದ. ಅವಳು ಬರುವುದಿಲ್ಲ ಎಂದು ಗೊತ್ತಿತ್ತು. ಬರಬಾರದು ಕೂಡ, ಎಂದುಕೊಂಡ.

ಮರುದಿನ ಬೆಳಿಗ್ಗೆ ಅವನು ಮತ್ತೆ ಬರಿಗಾಲಲ್ಲಿ ಬಂದ. ಕೈ ಚಾಚಿದ.

ಕೈ ಗಾಳಿಯಲ್ಲೇ ನಿಂತಿತು.

ಬಿಲ್ಲೆ ಆಗಲೇ ಹಸಿರಾಗಿತ್ತು. ನಿನ್ನೆ ತಾನು ಬಿಟ್ಟುಹೋದ ಹಾಗೇ. ರಾತ್ರಿ ಅದನ್ನು ಕೆಂಪಿಗೆ ಯಾರೂ ತಿರುಗಿಸಿರಲಿಲ್ಲ.

ರೈಲು ದಾಟಿದ ಮೇಲೂ ಸಿಗ್ನಲ್ ಕೆಂಪಿಗೆ ಮರಳಲಿಲ್ಲವೆಂದರೆ...

ಜೇಬಿನಿಂದ ಮಿಷನ್ ತೆಗೆದು ಕಿವಿಗೆ ತುರುಕಿದ. ಬಾಗಿಲಿಗೆ ತಲೆ ಒತ್ತಿದ. ಒಳಗೆ, ತುಂಬ ದೂರದಲ್ಲಿ, ಪ್ಲಾಸ್ಟಿಕ್ ಮಗ್ಗಿನಿಂದ ನೆಲ ಕುಟ್ಟುವ ಸದ್ದು. ನಿಂತು ನಿಂತು. ಸೋತು ಸೋತು.

ಅವನು ಮೊಣಕೈಯಿಂದ ಕಿಟಕಿಯ ಗಾಜು ಒಡೆದ.

ಅವಳ ತೊಡೆಯ ಮೂಳೆಗೆ ಸರಳು ಹಾಕಿದರು. ಇನ್ನು ಒಬ್ಬಳೇ ನಡೆಯುವ ಹಾಗಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯಿಂದ ಅವಳನ್ನು ತಂದಿಳಿಸಿದ್ದು ನೇರವಾಗಿ ಹಿಂದಿನ ಕಟ್ಟಡಕ್ಕೆ. ಅವಳಿದ್ದ ಮನೆಯನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು.

"ಇಲ್ಲೇ ಸೇಫ್ ಅಮ್ಮ. ನಂಗೂ ನೆಮ್ಮದಿ," ಎಂದ ಮಗಳು, ಕಿಟಕಿಯ ಪರದೆ ಸರಿಸಿ, ಹೊರಗೆ ಬರೀ ಗೋಡೆ ಕಂಡು, ಮತ್ತೆ ಮುಚ್ಚಿ ಹೋದಳು.

ಅವನು ಮ್ಯಾನೇಜರನ ಮುಂದೆಯೂ, ಊಟದ ಹಾಲ್‌ನಲ್ಲಿಯೂ ಎದ್ದು ನಿಂತು ತಾನೇ ಹೇಳಿದ. ತಿರುಗಿಸಿದ್ದು ನಾನು. ಅಂದಿನಿಂದ ಅವನ ಮೇಜಿನಲ್ಲಿ ಯಾರೂ ಕೂರಲಿಲ್ಲ. ದಿನವೂ ಹಿಂದಿನ ಕಟ್ಟಡಕ್ಕೆ ಬಂದು ಅವಳ ಕೋಣೆಯ ಹೊರಗೆ ನಿಲ್ಲುತ್ತಿದ್ದ. ಅವಳು ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಎಷ್ಟೋ ವಾರ.

ಒಂದು ದಿನ ಮುಖ ತಿರುಗಿಸದೆಯೇ ಕೇಳಿದಳು. ದನಿ ಒಡೆದಿತ್ತು.

"ಎರಡೂ ಕಿವಿಗೆ ಹಾಕಿದೀರಾ?"

"ಹಾಕಿದೀನಿ."

"ಹಾಗಾದ್ರೆ ಒಳಗೆ ಬಂದು ಕೇಳಿ. ಆವತ್ತು ನೀವು ಹಾಡು ಗುನುಗ್ತಿದ್ರಿ."

ಅವನು ಒಳಗೆ ಬಂದು ಮಂಚದ ಪಕ್ಕ ನಿಂತ. "ನಾನು... ಗುನುಗ್ತಿದ್ನಾ?"

"ಚೆನ್ನಾಗೇ ಗುನುಗ್ತಿದ್ರಿ. ಶ್ರುತಿ ಕೂಡ ತಪ್ಪಿರಲಿಲ್ಲ. ನಾನು ಒದ್ದೆ ನೆಲದ ಮೇಲೆ ಬಿದ್ದಿದ್ದೆ, ನೀವು ಹಾಡ್ಕೊಂಡು ಹೋದ್ರಿ."

ಈಗ ಅವನ ಕಡೆ ತಿರುಗಿ, ಒಂದೊಂದು ಮಾತೂ ಅವನಿಗೆ ಎಲ್ಲಿ ತಾಗುತ್ತಿದೆ ಎಂದು ನೋಡುತ್ತಲೇ ಹೇಳಿದಳು. ತಾಗಲಿ ಎಂದೇ ಹೇಳಿದಳು.

"ಸರ್ವಿಸ್ ಪೂರ್ತಿ ನೋಡದೆ ಹಸಿರು ಕೊಟ್ಟೋನಲ್ಲ ನಾನು," ಎಂದ ಅವನು. "ನಿಮ್ಮೊಬ್ಬರಿಗೆ ಕೊಟ್ಟೆ."

"ಯಾಕೆ?"

"ನೀವು ಇಲ್ಲಿಗೆ ಬರ್ಬಾರ್ದು ಅಂತ."

ಅವಳು ನಕ್ಕಳು. ನಗುವಿಗೆ ಸೊಂಟ ಹಿಡಿದುಕೊಂಡಿತು. "ಎಷ್ಟು ಚೆನ್ನಾಗಿ ತಡೆದ್ರಿ!"

ಅವನು ತಲೆ ತಗ್ಗಿಸಿದ. ಅಂದು ದಿಂಬು ಬಡಿದದ್ದು ಇದೇ ಬಿಳಿ ತಲೆಗೆ. ಅವಳ ದನಿ ತಾನಾಗಿ ಇಳಿಯಿತು.

"ನಿಮ್ಮ ಕಿವಿಯಿಂದ ಮಿಷನ್ ಕೀಳಿಸಿದ್ದು ನನ್ನ ಬಾಯಿ. ಅದೂ ಗೊತ್ತು ನಂಗೆ. ಬಿದ್ದಾಗ ನಾನು ಮಗಳನ್ನ ಕೂಗ್ಲಿಲ್ಲ, ನರ್ಸನ್ನ ಕೂಗ್ಲಿಲ್ಲ. ರೀ, ರೀ ಅಂತ ಕೂಗ್ದೆ. ಕಟ್ಕೊಂಡೋರನ್ನ ಕೂಗೋ ಹಾಗೆ."

ಅವನ ಕಣ್ಣು ತುಂಬಿತು. ಕರವಸ್ತ್ರದಿಂದ ಒರೆಸಿಕೊಂಡ.

"ನಿಮ್ಮ ಪಕ್ಕದ ಆ ಮಂಚ ಖಾಲಿ ಇದೆಯಂತೆ," ಎಂದ ಕೊನೆಗೆ. "ಗಂಡ ಹೆಂಡ್ತಿ ಆದ್ರೆ ಒಂದೇ ಕೋಣೆ ಕೊಡ್ತಾರಂತೆ. ಮ್ಯಾನೇಜರ್ ಒಪ್ಪಿದಾರೆ. ಎದುರು ಮನೆ ಬಿಟ್ಟು ನಾನೂ ಇಲ್ಲಿಗೇ ಬಂದ್ಬಿಡ್ತೀನಿ. ಪ್ರೀತಿ ಗೀತಿ ಅನ್ನೋಕೆ ನಾಲಿಗೆ ಹೊರಳಲ್ಲ... ಆದ್ರೆ ಅದೇ."

ಅವಳ ಎದೆ ಹುಡುಗಿಯ ಎದೆಯ ಹಾಗೆ ಹಾರಿತು. ಹ್ಞೂಂ ಅನ್ನು, ಹ್ಞೂಂ ಅನ್ನು ಎಂದಿತು!

ಅವಳು ಆ ಮಂಚವನ್ನು ನೋಡಿದಳು. ಫಿನಾಯಿಲಿನ ವಾಸನೆ. ಹಗಲೂ ಆರದ ದೀಪ. ಕಾರಿಡಾರಿನಲ್ಲಿ ಯಾರೋ ಎಂದೋ ಸತ್ತ ತಾಯಿಯನ್ನು ಕರೆಯುತ್ತಿದ್ದರು. ಆ ಮಂಚದ ಮೇಲೆ ಇವನು, ಮಿಷನ್ನುಗಳು ಡ್ರಾಯರಿನಲ್ಲಿ, ಗುನುಗುವುದೂ ಮರೆತುಹೋಗಿ...

"ಬೇಡ."

"ಕೋಪ ಇನ್ನೂ—"

"ಕೋಪ ನಾನು ಸಾಯೋವರೆಗೂ ಇರುತ್ತೆ. ಇದು ಅದಕ್ಕಲ್ಲ." ಅವಳು ಅವನ ಕೈ ಹಿಡಿದಳು, ಬಿಲ್ಲೆ ತಿರುಗಿಸಿದ ಅದೇ ಕೈ. "ಲೈನ್ ಅಂದ್ರೆ ಎರಡು ತುದಿ ಇರ್ಬೇಕು ಕಣ್ರೀ. ನೀವೂ ಈ ತುದಿಗೇ ಬಂದ್ಬಿಟ್ರೆ, ಹೊರಗಿಂದ ನಂಗೆ ಬರೋರು ಯಾರಿದ್ದಾರೆ?"

"ನಾಳೆ ಬರ್ಲಾ ಹಾಗಾದ್ರೆ?"

"ದಿನಾ ಬನ್ನಿ. ಗುನುಗ್ತಾ ಬನ್ನಿ, ದೂರದಿಂದಲೇ ಕೇಳಿಸ್ಬೇಕು."

"ಗುನುಗ್ತಿದೀನೋ ಇಲ್ವೋ ನಂಗೆ ಗೊತ್ತೇ ಆಗಲ್ವಲ್ಲ."

"ನಂಗೆ ಗೊತ್ತಾಗುತ್ತೆ."

ಅವನು ಬಾಗಿಲವರೆಗೆ ಹೋದ. ಅಲ್ಲಿಂದ ತಿರುಗಿ, ಈ ಸಲ ಅವಳ ಮುಖವನ್ನೇ ನೋಡುತ್ತ ನಿಂತ.

"ಆ ಮಂಚ ಬೇರೆಯವರಿಗೆ ಹೋಗ್ಬಿಡುತ್ತೆ. ಒಂದ್ಸಲ ಯೋಚ್ನೆ ಮಾಡಿ."

"ಇಲ್ಲ," ಎಂದಳು ಅವಳು. "ಈ ಮಂಚಕ್ಕೆ ಮಾತ್ರ ಬರಕೂಡದು."