ಗಾಳಿಯಲ್ಲಿ ಆನೆ

"ಗಕ್!" ಎಂದಿತು ಯಂತ್ರ. ಆಮೇಲೆ ಉಸಿರೇ ಇಲ್ಲ.

ಲ್ಯಾಪ್‌ಟಾಪಿನ ಪರದೆಯ ಮೇಲೆ ಕೆಂಪು ಪಟ್ಟಿ ಮೂಡಿತು. ಯಂತ್ರದ ಜೊತೆಗಿನ ಸಂಪರ್ಕ ಕಡಿದಿದೆ ಎಂದು ಅದರ ಅರ್ಥ.

"ಹೋಯ್ತು! ಮತ್ತೆ ಗೊಟಕ್!" ಕೊಂಕಿ ಸ್ಟೂಲಿನಿಂದ ಧುಮುಕಿದಳು. "ಚಿಕ್ಕಮ್ಮ, ಇದನ್ನ ಮಿಷನ್ನು ಅಂತ ಮಾತ್ರ ಕರೀಬೇಡ. ಬೇರೆ ಮಿಷನ್ನುಗಳು ಬೇಜಾರು ಮಾಡ್ಕೊಳ್ತವೆ."

ಅವಳು ಎರಡು ಮಾತಾಡಿದರೆ ಅದರಲ್ಲಿ ಮೂರು ಕೊಂಕು ಇರುತ್ತಿದ್ದವು. ಅದಕ್ಕೇ ಮನೆಯಲ್ಲಿ ಅವಳು ಕೊಂಕಿ. ಶಾಲೆಯಲ್ಲೂ ಕೊಂಕಿಯೇ. ಅವಳಿಗೆ ಅದೊಂದು ಬಿರುದು ಸಿಕ್ಕಿದಷ್ಟು ಖುಷಿ.

ಚಿಕ್ಕಮ್ಮ ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳು. ಸಂಜೆಯಾದರೆ ಹಿಂದಿನ ಕೋಣೆಗೆ ಹೊಕ್ಕುಬಿಡುತ್ತಿದ್ದಳು. ಅಲ್ಲಿತ್ತು ಅವಳೇ ಬಿಡಿಭಾಗ ತಂದು ಜೋಡಿಸಿದ ಸಿಎನ್‌ಸಿ ರೌಟರ್. ಗೊಂಬೆಯ ಮಂಚದಂಥ ಒಂದು ಚೌಕಟ್ಟು. ಅದರ ಮೇಲೆ ಹಿಂದೆ ಮುಂದೆ ಓಡಾಡುವ ಪುಟ್ಟ ಸೇತುವೆ. ಸೇತುವೆಗೆ ನೇತುಬಿದ್ದ ಕೊರೆಯುವ ಮೋಟರ್. ಲ್ಯಾಪ್‌ಟಾಪ್ ಹೇಳಿದ ದಾರಿಯಲ್ಲಿ ಅದು ಹೋಗಬೇಕು, ಹಲಗೆಯಿಂದ ಬೇಕಾದ ಆಕಾರ ಕತ್ತರಿಸಿ ಕೊಡಬೇಕು. ಕೊಡಬೇಕು, ಅಷ್ಟೇ. ಕೊಡುವುದು ಬಿಡುವುದು ಅದರ ಮರ್ಜಿ.

ಇವತ್ತು ಅದು ಕತ್ತರಿಸಬೇಕಾಗಿದ್ದದ್ದು ಆನೆಯನ್ನು. ಕೊಂಕಿಯ ತರಗತಿಯವರು ನರ್ಸರಿ ಮಕ್ಕಳಿಗೆ ಜೋಡಿಸಿ ಆಡುವ ಮರದ ಆನೆಯೊಂದನ್ನು ಕೊಡುತ್ತೇವೆಂದು ಒಪ್ಪಿಕೊಂಡಿದ್ದರು. ದಪ್ಪ ರಟ್ಟನ್ನು ಕತ್ತರಿಯಿಂದ ಕತ್ತರಿಸೋಣ ಎಂದು ಆಮೆ ಹೇಳಿದ್ದಳು. ಒಂದು ಮಾತು ಹೇಳಿ ಮುಗಿಸಲು ಅರ್ಧ ಪೀರಿಯಡ್ ತೆಗೆದುಕೊಳ್ಳುತ್ತಾಳೆ ಎಂದು ಆ ಹುಡುಗಿಗೆ ಆಮೆ ಎಂದು ಹೆಸರಿಟ್ಟವಳು ಕೊಂಕಿಯೇ.

"ಕತ್ತರಿನಾ?" ಎಂದು ಕೊಂಕಿ ಎದ್ದು ನಿಂತಿದ್ದಳು. "ನರ್ಸರಿಗೆ ಗಿಫ್ಟ್ ಕೊಡೋಕೆ ನಾವೂ ನರ್ಸರಿಗೆ ಸೇರ್ಕೋಬೇಕಾ? ನಮ್ಮ ಚಿಕ್ಕಮ್ಮನ ಮಿಷನ್ನಿದೆ. ಕಣ್ಣು ಮಿಟುಕಿಸೋದ್ರಲ್ಲಿ ಆನೆ ರೆಡಿ!"

ಇಡೀ ತರಗತಿ ನಕ್ಕಿತ್ತು. ಟೀಚರ್ ಮಾತ್ರ ನಗದೆ ಎರಡು ಪ್ಲೈವುಡ್ ಹಲಗೆ ಕೊಟ್ಟು, "ಸರಿ, ನೀವಿಬ್ಬರೂ ಸೇರಿ ಮಾಡ್ಕೊಂಡು ಬನ್ನಿ" ಎಂದುಬಿಟ್ಟಿದ್ದರು.

ಆನೆಯನ್ನು ನಾಳೆ ಬೆಳಿಗ್ಗೆಯೇ ಕೊಡಬೇಕು. ಒಂದು ಹಲಗೆ ಆಗಲೇ ಹಾಳಾಗಿತ್ತು. ಆನೆಯ ಕಾಲು, ಹೊಟ್ಟೆ, ಬಾಲ ಎಲ್ಲ ಸರಿಯಾಗಿ ಬಂದು, ಆಮೇಲೆ ಸೇತುವೆ ಎಲ್ಲೋ ಜಾರಿ, ಸೊಂಡಿಲು ಹೋಗಿ ಬೆನ್ನಿನ ಮೇಲೆ ಹುಟ್ಟಿತ್ತು. ಅಷ್ಟರಲ್ಲಿ ಸಂಪರ್ಕವೂ ಕಡಿದು ಕಿವಿ ಅರ್ಧಕ್ಕೇ ನಿಂತಿತ್ತು.

"ಇದು ಆನೆ ಅಲ್ಲ. ಕಾಲು ಬಂದಿರೋ ಟೀ ಕೆಟಲ್," ಎಂದಳು ಕೊಂಕಿ.

ಆಮೆ ಮೂಲೆಯ ಕುರ್ಚಿಯಲ್ಲಿ ಕೂತು ಆ ಕೆಟ್ಟ ಆನೆಯ ಅಂಚನ್ನು ಬೆರಳಿಂದ ಸವರುತ್ತಿದ್ದಳು. "ಅದು... ಸೇತುವೆ ಹೋಗೋವಾಗ... ಆ ರಾಡು..."

"ಚಿಕ್ಕಮ್ಮ, ಇವಳು ಶುರು ಮಾಡಿದ್ದಾಳೆ. ನಾವು ಊಟ ಮಾಡ್ಕೊಂಡು ಬರೋಣ, ಅಷ್ಟೊತ್ತಿಗೆ ಮುಗಿಸ್ತಾಳೆ."

ಆಮೆ ಬಾಯಿ ಮುಚ್ಚಿದಳು.

"ನೀನು ಹೇಳಮ್ಮ," ಎಂದಳು ಚಿಕ್ಕಮ್ಮ.

"ಏನಿಲ್ಲ ಆಂಟಿ."

ಚಿಕ್ಕಮ್ಮ ಎರಡನೆಯ ಹಲಗೆಯನ್ನು ಎತ್ತಿ ಬೀರುವಿನ ಮೇಲಿಟ್ಟಳು. "ಇರೋದು ಇದೊಂದೇ. ಮಿಷನ್ನು ಮೊದಲು ಗಾಳಿಯಲ್ಲಿ ಒಂದು ಆನೆ ಸರಿಯಾಗಿ ಬಿಡಿಸಲಿ. ಆಮೇಲೆ ಹಲಗೆ."

ಕೊರೆಯುವ ಮೋಟರನ್ನು ಆರಿಸಿ, ಮೇಲಕ್ಕೆತ್ತಿ, ಬರಿದೇ ಸೇತುವೆಯನ್ನು ಓಡಿಸಿದಳು. ಅದು ಝೂಂ ಝೂಂ ಎನ್ನುತ್ತ ಯಾರಿಗೂ ಕಾಣದ ಆನೆಯೊಂದರ ಸುತ್ತ ಪ್ರದಕ್ಷಿಣೆ ಹಾಕತೊಡಗಿತು.

"ತುಂಬಾ ಚೆನ್ನಾಗಿದೆ," ಎಂದಳು ಕೊಂಕಿ. "ನಾಳೆ ನರ್ಸರಿ ಮಕ್ಕಳ ಕೈಗೆ ಗಾಳಿ ಕೊಡೋಣ. ಇಗೋ ಪುಟ್ಟಾ, ಸೊಂಡಿಲು. ಹುಷಾರು, ಉಫ್ ಅನ್ನಬೇಡ, ಹಾರಿ ಹೋಗುತ್ತೆ!"

"ನಾಲಿಗೆಗೆ ಸ್ವಲ್ಪ ರೆಸ್ಟ್ ಕೊಟ್ಟು ಕಾಲಿಗೆ ಕೆಲಸ ಕೊಡು. ಹೋಗಿ ಒಂದು ಮಾರ್ಕರ್ ಪೆನ್ ತಗೊಂಡು ಬಾ."

ಕೊಂಕಿ ಗೊಣಗುತ್ತ ಹೋದಳು. ಪೆನ್ ಹುಡುಕಿ ಮರಳುವಾಗ ಬಾಗಿಲ ಹೊರಗೇ ಅವಳ ಕಾಲು ನಿಂತಿತು. ಒಳಗೆ ಯಾರೋ ಪಟಪಟ ಮಾತಾಡುತ್ತಿದ್ದರು.

"...ಸೇತುವೆ ಓಡಿಸೋ ಮೋಟರ್ ತಿರುಗುತ್ತೆ ಆಂಟಿ, ಆದ್ರೆ ಅದಕ್ಕೆ ಸೇರಿಸಿರೋ ಉದ್ದ ರಾಡು ಒಂದೊಂದ್ಸಲ ತಿರುಗೋದೇ ಇಲ್ಲ. ನಮ್ಮನೆ ಮಿಕ್ಸೀಲೂ ಹಿಂಗೇ ಆಗಿತ್ತು, ಕೆಳಗೆ ಗಿರಗಿರ ಅಂತಿತ್ತು, ಬ್ಲೇಡ್ ಮಾತ್ರ ಮಹಾರಾಣಿ ತರ ಕೂತಿತ್ತು!"

ಚಿಕ್ಕಮ್ಮ ಗೊಳ್ಳೆಂದು ನಕ್ಕಳು. ಯಾರಪ್ಪಾ ಇದು ಎಂದು ಕೊಂಕಿ ಇಣುಕಿದಳು. ಬೇರೆ ಯಾರೂ ಇರಲಿಲ್ಲ. ಅವಳು ಒಳಗೆ ಕಾಲಿಟ್ಟದ್ದೇ ತಡ, ಟಿವಿ ಆರಿಸಿದ ಹಾಗೆ ಆಮೆ ಸುಮ್ಮನಾದಳು.

ಸೇತುವೆಯ ಮೋಟರನ್ನೂ ರಾಡನ್ನೂ ಸೇರಿಸಲು ನಡುವೆ ಒಂದು ಪುಟ್ಟ ಲೋಹದ ಕೊಳವೆಯಿತ್ತು. ಚಿಕ್ಕಮ್ಮ ಕೊಳವೆಯಿಂದ ರಾಡಿನವರೆಗೆ ಮಾರ್ಕರಿನಲ್ಲಿ ಒಂದೇ ನೇರ ಗೆರೆ ಎಳೆದು, ಸೇತುವೆಯನ್ನು ಜೋರಾಗಿ ಹಿಂದೆ ಮುಂದೆ ಓಡಿಸಿದಳು. ನಿಂತಾಗ ನೋಡಿದರೆ ಗೆರೆ ಎರಡು ತುಂಡು! ಕೊಳವೆಯ ಮೇಲಿನದು ಒಂದು ಕಡೆ, ರಾಡಿನ ಮೇಲಿನದು ಇನ್ನೊಂದು ಕಡೆ.

"ಸಿಕ್ಕಿಬಿತ್ತು ಕಳ್ಳ. ಕೊಳವೆಯ ಸ್ಕ್ರೂ ಸಡಿಲ," ಎಂದಳು ಚಿಕ್ಕಮ್ಮ. "ಮೊನ್ನೆ ಸೇತುವೆ ಎಳೆಯೋ ಬೆಲ್ಟು ಬಿಚ್ಚಿದಾಗ ಇದನ್ನ ಬಿಗಿ ಮಾಡೋದು ಮರೆತಿದ್ದೆ. ತಪ್ಪು ನಂದೇ ಕಣ್ರೇ."

"ಅಬ್ಬಬ್ಬಾ!" ಕೊಂಕಿ ಮೂರು ಸಲ ಚಪ್ಪಾಳೆ ತಟ್ಟಿದಳು. "ಇಷ್ಟು ದೊಡ್ಡವಳಾಗಿ ಒಂದು ಸ್ಕ್ರೂ ನೆನಪಿಡೋಕೆ ಆಗಲ್ವಾ? ನಿನ್ನ ತಲೇಲಿರೋದನ್ನೂ ಒಂದ್ಸಲ ಚೆಕ್ ಮಾಡ್ಕೋ ಚಿಕ್ಕಮ್ಮ."

ಚಿಕ್ಕಮ್ಮ ಅಲೆನ್ ಕೀ ತೆಗೆದುಕೊಂಡು ಸ್ಕ್ರೂ ಬಿಗಿ ಮಾಡಿದಳು. ಈ ಸಲ ಅವಳ ತುಟಿಯಲ್ಲಿ ನಗು ಇರಲಿಲ್ಲ. ಕೊಂಕಿ ಅದನ್ನು ನೋಡಿದಳು, ನೋಡದವಳಂತೆ ಇದ್ದಳು.

ಗಾಳಿಯಲ್ಲಿ ಮತ್ತೊಂದು ಆನೆ. ಸೊಂಡಿಲು ಸೊಂಡಿಲಿನ ಜಾಗದಲ್ಲೇ ಬಂದು ಮುಗಿಯಿತು. ಈಗ ಕೊರೆಯುವ ಮೋಟರನ್ನೂ ಚಾಲೂ ಮಾಡಿ, ಗಾಳಿಯಲ್ಲೇ ಇನ್ನೊಂದು.

ಗಕ್! ಕೆಂಪು ಪಟ್ಟಿ.

ಕೊರೆಯುವ ಮೋಟರ್ ಆರಿಸಿದರೆ ಆನೆ ಪೂರ್ತಿ. ಹಚ್ಚಿದರೆ ಗಕ್. ಆರಿಸಿದರೆ ಪೂರ್ತಿ. ಹಚ್ಚಿದರೆ ಗಕ್.

"ಆ ಲ್ಯಾಪ್‌ಟಾಪನ್ನ ಎಸಿ. ಮುದುಕಪ್ಪ," ಎಂದಳು ಕೊಂಕಿ. "ಇಲ್ಲಾಂದ್ರೆ ಕೇಬಲ್ ಎಸಿ. ಇಲ್ಲಾಂದ್ರೆ ಎರಡೂ."

"ಲ್ಯಾಪ್‌ಟಾಪ್ ಚೆನ್ನಾಗೇ ಇದೆ. ಕೊರೆಯೋ ಮೋಟರ್ ಓಡೋವಾಗ ಅದರ ವೈರಿಂದ ಒಂದು ಥರ ಗಲಾಟೆ ಹೊರಡುತ್ತೆ. ನಮಗೆ ಕೇಳಿಸಲ್ಲ. ಪಕ್ಕದಲ್ಲೇ ಲ್ಯಾಪ್‌ಟಾಪಿನ ಕೇಬಲ್ ಇದ್ರೆ ಅದು ಹೇಳೋ ಮಾತೆಲ್ಲ ಕಲಸಿಹೋಗುತ್ತೆ. ಅದಕ್ಕೇ ನಾನು ಒಂದನ್ನ ಈ ಗೋಡೆಗೆ, ಒಂದನ್ನ ಆ ಗೋಡೆಗೆ ಹಾಕಿದ್ದು. ಎರಡೂ ಹತ್ತಿರ ಬರೋಕೆ ಸಾಧ್ಯಾನೇ ಇಲ್ವಲ್ಲ..."

ಚಿಕ್ಕಮ್ಮ ಟಾರ್ಚ್ ಹಿಡಿದು ಮೇಜಿನ ಕೆಳಗೆ ಬಗ್ಗಿದಳು. ಆಮೆಯೂ ಬಗ್ಗಿದಳು.

ಕೊಂಕಿ ಬಗ್ಗಲಿಲ್ಲ. ಅಲ್ಲಿ ಏನಿದೆ ಎಂದು ಅವಳಿಗೆ ನೆನಪಾಗಿಬಿಟ್ಟಿತ್ತು. ನಿನ್ನೆ ಸಂಜೆ ಈ ಕೋಣೆಗೆ ಬಂದವಳು, "ಇದೇನು ವೈರೋ, ಹಲ್ಲಿ ಬಾಚಿಕೊಂಡ ಕೂದಲೋ!" ಎಂದು ಮೂಗು ಮುರಿದಿದ್ದಳು. ಹಲ್ಲಿಗೆ ಕೂದಲಿಲ್ಲ ಎಂಬುದು ಬೇರೆ ಮಾತು. ಆಮೆ ಬಂದಾಗ ಕೋಣೆ ನೀಟಾಗಿ ಕಾಣಲಿ ಎಂದು ಎಲ್ಲ ವೈರುಗಳನ್ನೂ ಎಳೆದು ತಂದು, ಒಟ್ಟು ಮಾಡಿ, ಉದ್ದಕ್ಕೂ ಸುತ್ತಿ, ತುದಿಯಲ್ಲಿ ಹೂವಿನಂಥ ಗಂಟನ್ನೂ ಹಾಕಿದ್ದಳು. ತನ್ನ ಜಡೆಯ ನೀಲಿ ರಿಬ್ಬನ್ನಿನಿಂದ.

ಟಾರ್ಚಿನ ಬೆಳಕು ಒಂದೇ ಕಡೆ ನಿಂತಿತು.

"ನಾನೇ ಕಟ್ಟಿದ್ದು," ಎಂದಳು ಕೊಂಕಿ.

ಅವಳು ಕಾದಳು. ಚಿಕ್ಕಮ್ಮ ಹೀಗೆ ಮಾಡಿದ್ದರೆ ತಾನು ಏನೆಲ್ಲ ಹೇಳುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಹಾ, ಮಿಷನ್ನಿಗೆ ಜಡೆ! ಮಲ್ಲಿಗೆ ಮುಡಿಸೋದು ಮರೆತೆಯಾ? ಆಮೆ ಹೀಗೆ ಮಾಡಿದ್ದರಂತೂ ನಾಳೆ ಇಡೀ ಶಾಲೆಗೆ ಗೊತ್ತಾಗುತ್ತಿತ್ತು. ಮಾತುಗಳೆಲ್ಲ ಸಾಲಾಗಿ ಬಂದು ಅವಳ ಕಿವಿಗೇ ಚುಚ್ಚಿದವು.

"ಹೌದಾ?" ಎಂದಳು ಚಿಕ್ಕಮ್ಮ. "ಸರಿ, ಬಾ. ಬಿಚ್ಚು."

ಆಮೆ ಟಾರ್ಚ್ ತೆಗೆದುಕೊಂಡು, ಗಂಟು ಚೆನ್ನಾಗಿ ಕಾಣುವ ಹಾಗೆ ಹಿಡಿದಳು. ಅಷ್ಟೇ. ಅವಳು ಕಿಸಕ್ಕೆಂದಿದ್ದರೂ ಕೊಂಕಿಗೆ ಎಷ್ಟೋ ಹಗುರಾಗುತ್ತಿತ್ತು.

ವೈರುಗಳು ಒಂದು ಈ ಗೋಡೆಗೆ, ಒಂದು ಆ ಗೋಡೆಗೆ ಹೋದವು. ಮೋಟರ್ ಹಚ್ಚಿ ಗಾಳಿಯಲ್ಲಿ ಬಿಡಿಸಿದ ಆನೆ ಗಕ್ ಎನ್ನದೆ ಕಿವಿಯವರೆಗೂ ಬಂತು. ಆಮೇಲೇ ಚಿಕ್ಕಮ್ಮ ಬೀರುವಿನ ಮೇಲಿದ್ದ ಹಲಗೆಯನ್ನು ಇಳಿಸಿ, ಅದು ಅಲುಗದಂತೆ ನಾಲ್ಕೂ ಮೂಲೆಗೆ ಕ್ಲಾಂಪ್ ಹಾಕಿ ಬಿಗಿದಳು. ಎಲ್ಲರೂ ಕಣ್ಣಿಗೆ ದಪ್ಪ ಕನ್ನಡಕ ಏರಿಸಿದರು.

"ನಾನು ಸ್ಕ್ರೀನ್ ನೋಡ್ತೀನಿ. ಕೊಂಕಿ, ನೀನು ವೈರು ನೋಡು. ನೀನಮ್ಮಾ, ಈ ಬಟನ್ ಹತ್ರ ಕೂತ್ಕೋ. ಏನಾದ್ರೂ ಸರಿಯಿಲ್ಲ ಅನ್ನಿಸಿದ್ರೆ ಒತ್ತು, ಮಿಷನ್ನು ಇದ್ದಲ್ಲೇ ನಿಲ್ಲುತ್ತೆ."

ಮರದ ಪುಡಿ ಹಾರಿತು. ಒಂದು ಕಾಲು ಬಂತು. ಹೊಟ್ಟೆ ಬಂತು. ಸೇತುವೆ ಬೆನ್ನಿನ ಕಡೆ ತಿರುಗಿತು. ಕೊಂಕಿ ವೈರುಗಳಿಂದ ಕಣ್ಣು ಕೀಳಲಿಲ್ಲ.

ಟಕ್. ಆಮೆ ಬಟನ್ ಒತ್ತಿದ್ದಳು.

ಯಂತ್ರ ನಿಂತಿತು. ಪರದೆಯ ಮೇಲೆ ಕೆಂಪು ಪಟ್ಟಿ ಇಲ್ಲ. ವೈರುಗಳು ಇದ್ದಲ್ಲೇ ಇವೆ. ಎಲ್ಲವೂ ಸರಿಯಾಗಿದೆ. ಸರಿಯಾಗಿ ಹೋಗುತ್ತಿದ್ದದ್ದನ್ನು ಸುಮ್ಮನೆ ನಿಲ್ಲಿಸಿದ್ದಾಳೆ! ಕೊಂಕಿಯ ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ಅವಳು ಆಮೆಯ ಕಡೆ ತಿರುಗಿದಳು.

ಕೊಂಕಿ ಇನ್ನೂ ಏನೂ ಅಂದಿರಲಿಲ್ಲ. ಆದರೂ ಆಮೆಯ ಕಿವಿ ಆಗಲೇ ಕೆಂಪಾಗಿತ್ತು. ಹೆಗಲು ಮೇಲೆದ್ದು, ಕುತ್ತಿಗೆ ಒಳಗೆ ಹೋಗಿ, ಕಣ್ಣು ನೆಲ ನೋಡುತ್ತಿತ್ತು. ಮೇಲೆ ಏನೋ ಬೀಳಲಿದೆ ಎಂದು ಕಾಯುವವರು ಹಾಗೆ ಕೂರುತ್ತಾರೆ.

ಬಾಗಿಲ ಹೊರಗೆ ಕೇಳಿದ ಆ ಪಟಪಟ ದನಿ ಕೊಂಕಿಗೆ ನೆನಪಾಯಿತು. ಆಮೆ ಎಲ್ಲರೆದುರೂ ಹೀಗಿರುವುದಿಲ್ಲ.

ನಾಲಿಗೆಯ ತುದಿಯಲ್ಲಿದ್ದ ಮಾತನ್ನು ನುಂಗುವುದು ಕಹಿ ಮಾತ್ರೆ ನುಂಗಿದಷ್ಟೇ ಕಷ್ಟವಾಯಿತು. ನುಂಗಿದ ಮೇಲೆ ಅವಳು ಕೇಳಿದಳು, "ಏನು ಕೇಳಿಸ್ತು ನಿಂಗೆ?"

ಆಮೆ ತಲೆಯೆತ್ತಿದಳು. ಇದರಲ್ಲೂ ಕೊಂಕು ಎಲ್ಲಿ ಅಡಗಿದೆ ಎಂದು ಕೊಂಕಿಯ ಮುಖವನ್ನು ಹುಡುಕಿದಳು.

"ಸದ್ದು... ಬೇರೆ ಥರ..."

ಕೊಂಕಿ ಕಾದಳು. ಕಾಯುವುದು ಅವಳಿಗೆ ಅಭ್ಯಾಸವಿಲ್ಲದ ಕೆಲಸ. ಕಾಲ್ಬೆರಳುಗಳನ್ನು ನೆಲಕ್ಕೆ ಒತ್ತಿಕೊಂಡು ಕಾದಳು.

"ಮೊದಲು ಝೂಂ ಅಂತ ಒಂದೇ ಸಮ ಬರ್ತಿತ್ತು. ಈಗ ನಡುನಡುವೆ ಟರ್ರ್ ಅಂತು. ಆ ಮೂಲೇಲಿ ಹಲಗೆ ನಡುಗ್ತಿದೆ ಅನ್ನಿಸ್ತು, ಅದೋ ಅಲ್ಲಿ, ಕಿಟಕಿ ಕಡೆದು..."

ಚಿಕ್ಕಮ್ಮ ಎದ್ದು ಹೋಗಿ ಕಿಟಕಿಯ ಕಡೆಯ ಕ್ಲಾಂಪನ್ನು ಮುಟ್ಟಿದಳು. ಅದು ಎರಡೇ ಬೆರಳಿಗೆ ಗಿರ್ರೆಂದು ತಿರುಗಿತು.

"ಇನ್ನೊಂದು ಸುತ್ತು ಹೋಗಿದ್ರೆ ಆನೆ ಬೆನ್ನು ಹೋಗ್ತಿತ್ತು," ಎಂದು ಅವಳು ಕ್ಲಾಂಪ್ ಬಿಗಿ ಮಾಡತೊಡಗಿದಳು.

ಆಮೆ ಈಗ ಕುರ್ಚಿಯ ತುದಿಗೆ ಬಂದಿದ್ದಳು. "ನಂಗೆ ಆಗಲೇ ಡೌಟ್ ಬಂತು ಆಂಟಿ. ಹೊಟ್ಟೆ ಮುಗಿಸಿ ಮೇಲೆ ತಿರುಗ್ತಲ್ಲ, ಆವಾಗ್ಲೇ ಪುಡಿ ಬೇರೆ ಕಡೆ ಹಾರೋಕೆ ಶುರುವಾಯ್ತು, ಆದ್ರೆ ಹೇಳೋದೋ ಬೇಡವೋ ಅಂತ..."

ಅವಳ ಮಾತು ನಿಲ್ಲುವ ಲಕ್ಷಣವೇ ಇರಲಿಲ್ಲ. ಕೊಂಕಿ ಸ್ಟೂಲನ್ನು ಎಳೆದುಕೊಂಡು ಅವಳ ಪಕ್ಕ ಕೂತಳು.