ಏರು ಹತ್ತದ ಗಾಡಿ

ಟಿಕ್... ಟಿಕ್... ಟಿಕ್...

ರಾತ್ರಿ ಒಂದೂವರೆ. ಹಾಸಿಗೆಯಲ್ಲಿ ಎದ್ದು ಕುಳಿತ ಅವಳು ಉಸಿರು ಬಿಗಿಹಿಡಿದು ಆಲಿಸಿದಳು. ಯಾರೋ ಬೋಲ್ಟು ಬಿಚ್ಚುತ್ತಿದ್ದರು. ಸದ್ದು ಹಿತ್ತಲಿನ ಶೆಡ್ಡಿನಿಂದ ಬರುತ್ತಿತ್ತು.

ಆ ಶೆಡ್ಡಿನಲ್ಲಿದ್ದದ್ದು ಒಂದೇ ವಸ್ತು. ಸತ್ತ ತಮ್ಮನ ನಾಲ್ಕು ಚಕ್ರದ ಕ್ವಾಡ್ ಬೈಕು.

ಟಾರ್ಚು ಹಿಡಿದು ಹೋಗಿ ಬಾಗಿಲು ತಳ್ಳಿದಳು.

"ಯಾರದು?"

ಗಾಡಿಯ ಪಕ್ಕ ಮಂಡಿಯೂರಿದ್ದವನು ತಿರುಗಿದ. ಅವಳು ಬೆಳಕನ್ನು ಅವನ ಮುಖಕ್ಕೆ ಹಿಡಿದಳು.

ಅವನು! ಮೂರು ತಿಂಗಳ ಹಿಂದಿನವರೆಗೂ ಅವಳು ಮದುವೆಯಾಗಬೇಕಿದ್ದ ಮೆಕ್ಯಾನಿಕ್.

"ಕಳ್ಳ ಅಂತ ಕೂಗ್ಬೇಡಿ ಟೀಚರ್. ಕದಿಯೋಕೆ ಇದರಲ್ಲಿ ಏನೂ ಉಳಿದಿಲ್ಲ."

"ನನ್ನ ತಮ್ಮನ್ನ ತಿಂದಿದ್ದು ಸಾಲದಾ ನಿಮಗೆ?"

ಆ ಪ್ರಶ್ನೆ ಅವನಿಗೆ ಹೊಸದಾಗಿರಲಿಲ್ಲ.

ತಮ್ಮ ಈ ಗಾಡಿಯಲ್ಲಿ ಗುಡ್ಡದ ಮೇಲಿನ ಕಲ್ಲು ಕ್ವಾರಿಗೆ ನೀರಿನ ಕ್ಯಾನು ಸಾಗಿಸುತ್ತಿದ್ದ. ಸಾಯುವ ಮುಂಚೆ ಎರಡು ವಾರ ಅವನದು ಒಂದೇ ಗೋಳು, "ಗಾಡಿ ಎಳೀತಿಲ್ಲ, ಪಿಕಪ್ಪೇ ಇಲ್ಲ." ವರ್ಕ್‌ಶಾಪಿನಲ್ಲಿ ಇವನೇ ನೋಡಿ, ಸರಿಯಿದೆ ಹೋಗು ಎಂದು ಕಳಿಸಿದ್ದ. ಮರುದಿನ ತುಂಬಿದ ಕ್ಯಾನುಗಳ ಜೊತೆ ಏರಿನ ನಡುವೆ ಎಂಜಿನ್ ಸೋತಿತು. ಗಾಡಿ ಹಿಂದಕ್ಕೆ ಜಾರಿ ಮಗುಚಿತು.

ಇಪ್ಪತ್ತೆರಡು ವರ್ಷ ತಮ್ಮನಿಗೆ.

ಹೆಣ ಮನೆಗೆ ಬರುವ ಮೊದಲೇ ಊರು ತೀರ್ಪು ಕೊಟ್ಟಿತ್ತು. ವರ್ಕ್‌ಶಾಪಿನ ಯಜಮಾನ ಇವನನ್ನು ಅಂದೇ ಹೊರಹಾಕಿದ್ದ. ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೆದುರು ಅವಳೂ ಕೂಗಿದ್ದಳು, "ನಿನ್ನ ಮುಖ ಇನ್ನು ನನಗೆ ತೋರಿಸಬೇಡ!"

"ಹಗಲು ಬಂದಿದ್ರೆ ಬಾಗಿಲು ತೆಗೀತಿದ್ರಾ?" ಅವನು ಕೇಳಿದ. "ಒಂದು ಗಂಟೆ ಕೊಡಿ. ಪವರ್ ಯಾಕೆ ಇರಲಿಲ್ಲ ಅಂತ ನಂಗೆ ಗೊತ್ತಾಗ್ಬೇಕು. ತಪ್ಪು ನಂದೇ ಆದ್ರೆ ನಡುಬೀದಿಲಿ ನಿಂತು ಒಪ್ಪಿಕೊಳ್ತೀನಿ. ಅಲ್ಲ ಅಂತಾದ್ರೆ... ನಾಳೆಯಿಂದ ಜನ ನನ್ನ ಕೈಗೆ ಒಂದು ಸೈಕಲ್ಲಾದ್ರೂ ಕೊಡ್ಲಿ. ಮೂರು ತಿಂಗಳಿಂದ ಪಂಕ್ಚರ್ ಹಾಕೋಕೂ ಯಾರೂ ಕರೆದಿಲ್ಲ."

ಹೊರಗೆ ಕಳಿಸಿಬಿಡು ಎಂದಿತು ಅವಳ ಮನಸ್ಸು. ಕೈ ಮಾತ್ರ ಟಾರ್ಚನ್ನು ಎಂಜಿನ್ ಕಡೆಗೆ ತಿರುಗಿಸಿತು.

ಅವನು ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ. ತುದಿ ಕಪ್ಪಾಗಿ ಜಿಡ್ಡು ಹಿಡಿದಿತ್ತು.

"ಉರಿ ಪೂರ್ತಿ ಆಗ್ತಿರಲಿಲ್ಲ. ಪೆಟ್ರೋಲಿಗೆ ಆಯಿಲ್ ಜಾಸ್ತಿ ಬೆರೆಸ್ತಿದ್ನಾ?"

"ಇಲ್ಲ. ಬಾಟಲಿ ಮೇಲೆ ಗೆರೆ ಹಾಕಿ ಅಳೀತಿದ್ದ. ನಾನೇ ನೋಡಿದೀನಿ."

ಏರ್ ಫಿಲ್ಟರ್ ಸ್ವಚ್ಛವಾಗಿತ್ತು. ಪ್ಲಗ್ಗಿನ ಜಾಗಕ್ಕೆ ಒತ್ತಡ ಅಳೆಯುವ ಗೇಜ್ ತಿರುಗಿಸಿ ನಾಲ್ಕು ಬಾರಿ ಕಿಕ್ ಹೊಡೆದ. ಮುಳ್ಳು ನೂರಿಪ್ಪತ್ತಕ್ಕೆ ಬಂದು ನಿಂತಿತು.

"ಕಾಂಪ್ರೆಷನ್ ಚೆನ್ನಾಗಿದೆ. ಪಿಸ್ಟನ್, ರಿಂಗು ಎರಡೂ ಗಟ್ಟಿ."

ಕಾರ್ಬುರೇಟರ್ ಬಿಚ್ಚಿ, ಅದರ ಹಿಂದಿನ ತೆಳು ತಗಡಿನ ಕವಾಟಗಳನ್ನು ಉಗುರಿನಿಂದ ಮೀಟಿ ನೋಡಿದ. ಒಂದರಲ್ಲೂ ಬಿರುಕಿಲ್ಲ.

"ಗಾಳಿ ಒಳಗೆ ಬರೋ ದಾರಿಲಿ ಏನೂ ತೊಂದರೆಯಿಲ್ಲ..."

"ಹೊರಗೆ ಹೋಗೋ ದಾರಿ?"

ಅವನ ಕೈ ನಿಂತಿತು. ಎಲ್ಲವನ್ನೂ ಮತ್ತೆ ಕೂರಿಸಿ ಸೈಲೆನ್ಸರ್ ಬಾಯಿಗೆ ಅಂಗೈ ಒಡ್ಡಿದ. "ಕಿಕ್ ಹೊಡೀರಿ."

ಅವಳು ಹೊಡೆದಳು. ಅವನ ಮುಖ ಬಿಳಿಚಿತು.

"ಗಾಳಿನೇ ಬರ್ತಿಲ್ಲ ಟೀಚರ್! ಆವತ್ತು ವರ್ಕ್‌ಶಾಪ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ರೇಸ್ ಕೊಟ್ಟೆ. ಖಾಲಿ ಗಾಡಿ, ಮೆತ್ತಗೆ ಕೂಗ್ತು. ಸದ್ದು ಕಮ್ಮಿ ಇದೆ, ಒಳ್ಳೇದೇ ಅಂದ್ಕೊಂಡೆ. ಲೋಡ್ ಹಾಕಿ ಏರಲ್ಲಿ ಓಡಿಸಿ ನೋಡಲಿಲ್ಲ..."

ಸೈಲೆನ್ಸರ್ ಕಳಚಿ ಇಕ್ಕಳ ತೂರಿಸಿ ಎಳೆದ. ಡಾಂಬರಿನಂಥ ಮಸಿ ಮೆತ್ತಿದ ಉಂಡೆಯೊಂದು ಬಂತು. ಆಮೇಲೆ ಇನ್ನೊಂದು. ಮತ್ತೊಂದು. ಬಟ್ಟೆಯಲ್ಲಿ ಒರೆಸಿದಾಗ ಗೊತ್ತಾಯಿತು... ಪಾತ್ರೆ ಉಜ್ಜುವ ಸ್ಟೀಲ್ ನಾರು!

"ಯಾರೋ ತುರುಕಿದಾರೆ! ಮಸಿ ಹಿಡೀತಾ ಹಿಡೀತಾ ದಾರಿನೇ ಮುಚ್ಚಿದೆ. ನೋಡಿ ಟೀಚರ್, ನೋಡಿ!"

ಅವನ ಕಣ್ಣಲ್ಲಿ ನೀರಿತ್ತು. ಸಾಕ್ಷಿ ಸಿಕ್ಕಿತ್ತು. ಬೆಳಗಾದರೆ ತಲೆಯೆತ್ತಿ ನಡೆಯಬಹುದು!

ಅವಳು ನೆಲದ ಉಂಡೆಗಳ ಮೇಲೆ ಬೆಳಕು ಹರಿಸಿದಳು. ಇಷ್ಟು ದಿನ ಯಾರನ್ನು ಶಪಿಸಿದೆ ನಾನು?

"ಈ ಹೊತ್ತಲ್ಲಿ ಏನೇ ಅದು ಗಲಾಟೆ?"

ಬಾಗಿಲಲ್ಲಿ ಅಮ್ಮ. ಅವನನ್ನು ಕಂಡು ಮುಖ ಗಂಟಾಯಿತು. ಆಮೇಲೆ ಕಣ್ಣು ನೆಲದ ಮೇಲಿನ ಉಂಡೆಗಳತ್ತ ಹೊರಳಿತು.

"ಅಯ್ಯೋ, ಅದನ್ಯಾಕೆ ಕಿತ್ರಿ? ನಾನೇ ಹಾಕಿದ್ದು. ಬೆಳಗಿನ ಜಾವ ಈ ಗಾಡಿ ಸದ್ದಿಗೆ ಅಕ್ಕಪಕ್ಕದವರೆಲ್ಲ ನನ್ನ ಮಗನ್ನ ಬಾಯಿಗೆ ಬಂದಂಗೆ ಬೈಯೋರು. ಅವನಿಗೂ ಹೇಳಿರ್ಲಿಲ್ಲ. ಹಾಕಿದ ಮೇಲೆ ಎಷ್ಟು ಮೆತ್ತಗೆ ಹೋಗ್ತಿದ್ದ ಗೊತ್ತಾ... ಬೆಕ್ಕಿನ ಹಂಗೆ."

ಅಮ್ಮ ನಗಲು ನೋಡಿದಳು. ಯಾರೂ ನಗಲಿಲ್ಲ.

"ಯಾಕೆ ಇಬ್ರೂ ಹಂಗೆ ನೋಡ್ತಿದೀರಿ? ಅದರಿಂದ... ಏನಾದ್ರೂ ಆಯ್ತಾ?"

ಅವಳು ಅವನತ್ತ ನೋಡಿದಳು. ಹೇಳಿದರೆ ಅಮ್ಮ ಉಳಿಯುವುದಿಲ್ಲ. ಹೇಳದಿದ್ದರೆ ಇವನು?

ಅವನು ಉಂಡೆಗಳನ್ನು ನಿಧಾನವಾಗಿ ಬಟ್ಟೆಯಲ್ಲಿ ಸುತ್ತಿದ.

"ಇಲ್ಲಮ್ಮ. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕಾರ್ಬುರೇಟರ್ ನಾನೇ ತಪ್ಪಾಗಿ ಕೂರಿಸಿದ್ದೆ. ಅದನ್ನ ಒಪ್ಪಿಕೊಳ್ಳೋಕೇ ಬಂದೆ."

"ನನ್ನ ಹೊಟ್ಟೆ ಉರಿಸಿದ್ಯಲ್ಲೋ ಪಾಪಿ! ನಿನ್ನ ಕೈ ಬಿದ್ದುಹೋಗ!"

ಅಮ್ಮನ ಕೈ ಅವನ ಕೆನ್ನೆಗೆ ಎರಡು ಸಲ ಬಿತ್ತು. ಅವನು ತಲೆ ತಗ್ಗಿಸಿ ನಿಂತೇ ಇದ್ದ. ಅಮ್ಮ ಅಳುತ್ತಾ ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಅವಳು ಅವನತ್ತ ತಿರುಗಿದಳು.

"ಯಾಕೆ ಹಾಗಂದೆ?"

"ನನ್ನ ಹೆಸರು ಹೆಂಗೂ ಕೆಟ್ಟಿದೆ. ಆ ತಾಯಿ ಈ ಭಾರ ಹೊತ್ತು ಒಂದು ದಿನ ಬದುಕ್ತಾರಾ? ನಾನು ಬೇರೆ ಊರಿಗೆ ಹೋಗ್ತೀನಿ ಬಿಡಿ. ಗಾಡಿಗಳು ಎಲ್ಲಾ ಕಡೆನೂ ಕೆಡ್ತವೆ."

"ಹೋಗ್ಬೇಡ."

"ಟೀಚರ್..."

"ದಿನಾ ನಿನ್ನ ಶಪಿಸಿದೀನಿ ಕಣೋ. ಆದ್ರೂ ಸ್ಕೂಲಿಂದ ಬಂದು ಬಸ್ಸಿಳಿದ ತಕ್ಷಣ ಕಣ್ಣು ಆ ವರ್ಕ್‌ಶಾಪ್ ಕಡೆಗೇ ಹೋಗ್ತಿತ್ತು. ನೀನಿಲ್ಲ ಅಂತ ಗೊತ್ತಿದ್ರೂ! ಇನ್ನು ನಂಗಾಗಲ್ಲ. ಇಲ್ಲೇ ಇರು. ನನ್ನ ಜೊತೆ ಇರು."

"ತಮ್ಮನ್ನ ಕೊಂದವನನ್ನೇ ಕಟ್ಕೊಂಡಳು ಅಂತಾರೆ. ನಿಮ್ಮಮ್ಮನೂ ಅಂತಾರೆ. ಸಾಯೋವರೆಗೂ."

"ಅನ್ಲಿ. ಇಬ್ರಿಗೂ ಸೇರಿಸಿ ಅನ್ಲಿ."

ಏಟು ಬಿದ್ದು ಕೆಂಪಾಗಿದ್ದ ಅವನ ಕೆನ್ನೆಯ ಮೇಲೆ ಅವಳು ಅಂಗೈ ಇಟ್ಟಳು. ಅವನು ಕಣ್ಣು ಮುಚ್ಚಿದ. ಮಸಿಯಾಗಿದ್ದ ಕೈಯಿಂದ ಅವಳನ್ನು ಮುಟ್ಟಲು ಹಿಂಜರಿದ. ಅವಳೇ ಆ ಕೈಯನ್ನು ಹಿಡಿದುಕೊಂಡಳು.

ಒಳಗಿನಿಂದ ಅಮ್ಮನ ಬಿಕ್ಕು, ಅದರ ಹಿಂದೆಯೇ ದನಿ.

"ಹೋದ್ನೇನೇ ಅವನು?"

"ಇಲ್ಲಮ್ಮ. ಇಲ್ಲೇ ಇದಾನೆ."

"ಇನ್ನೇನಾದ್ರೂ ಸಿಕ್ತಂತಾ ಆ ಗಾಡಿಲಿ?"

ಅವಳು ಅವನನ್ನು ನೋಡಿದಳು. ಈ ಸುಳ್ಳನ್ನು ನಾಳೆಯೂ ಹೇಳಬೇಕು. ನಾಡಿದ್ದೂ. ಊರಿಗೆ, ನೆಂಟರಿಗೆ, ಮುಂದೊಂದು ದಿನ ತನ್ನ ಮಕ್ಕಳಿಗೂ.

"ಏನೂ ಸಿಗಲಿಲ್ಲಮ್ಮ," ಎಂದಳು. "ನೀನು ಮಲಗು."